ತಲೆಗಾಯ್ತು, ಮೈಗೆ ಬಾಕಿ

ನಮ್ಮ ಹೆಂಗಸರ ಸ್ನಾನದಲ್ಲಿ ಎರಡು ಬಗೆ. ಒಂದು ತಲೆಗೆ ಹಾಕಿಕೊಳ್ಳುವುದು, ಇನ್ನೊಂದು ಬರೀ ಮೈಗೆ. ಗಂಡಸರಿಗೆ ಈ ಭೇದ ತಿಳಿಯದು. ಇದರಲ್ಲಿ ಧರ್ಮಸೂಕ್ಷ್ಮವೂ ಇದೆಯೆಂದು ನನಗೆ ಗೊತ್ತಾದದ್ದು ಮದುವೆಯಾಗಿ ಹೊಸದುರ್ಗಕ್ಕೆ ಬಂದ ಮೇಲೆ. ನನ್ನ ತವರಿನ ಚರ್ಚಿನಲ್ಲಿ ಎಳೆಗೂಸುಗಳಿಗೇ ದೀಕ್ಷಾಸ್ನಾನ. ನೆತ್ತಿಯ ಮೇಲೆ ನಾಲ್ಕು ಹನಿ ನೀರು ಬಿತ್ತಂತೆ, ನಾನು ಚೀರಿದೆನಂತೆ, ಹೆಸರಿಟ್ಟರಂತೆ. ಗಂಡನ ಮನೆಯವರು ಬ್ಯಾಪ್ಟಿಸ್ಟರು. ಅವರಲ್ಲಿ ಬುದ್ಧಿ ಬಲಿತವರು ತಾವಾಗಿ ನಂಬಿ, ತಾವಾಗಿ ಕೇಳಿಕೊಂಡು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು.

“ಹನಿ ಚಿಮುಕ್ಸಿದ್ರೆ ಅದ್ಯಾವ ಸ್ನಾನನೇ ತಾಯಿ?” ಎಂದರು ನಮ್ಮತ್ತೆ. “ನಿಂಗೆ ತಲೆಗಾಗೈತೆ, ಮೈಗೆ ಬಾಕಿ ಐತೆ.”

ನನಗೋ ಕೊಡದ ಆಳಕ್ಕಿಂತ ಹೆಚ್ಚಿನ ನೀರೆಂದರೆ ಎದೆ ಡವಗುಟ್ಟುತ್ತದೆ. ಪುಣ್ಯಕ್ಕೆ, ಬಿಂದಿಗೆ ಮುಳುಗುವಷ್ಟು ನೀರಿಗೇ ಸರದಿ ನಿಲ್ಲುವ ಸೀಮೆ ನಮ್ಮದು. ಆಳು ಮುಳುಗುವಷ್ಟು ನೀರನ್ನು ಎಲ್ಲಿಂದ ತಂದಾರು ಎಂದು ಹಾಯಾಗಿದ್ದೆ. ತೊಂದರೆ ಶುರುವಾದದ್ದು ಊಟದ ವಿಷಯದಲ್ಲಿ. ಯೇಸುವಿನ ನೆನಪಿಗೆಂದು ಆರಾಧನೆಯಲ್ಲಿ ಬ್ರೆಡ್ಡಿನ ಚೂರು, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಮ್ಮ ಸಭೆಯಲ್ಲಿ ಮುಳುಗದವರಿಗಿಲ್ಲ. ಆದರೆ ಅದಕ್ಕೆ ಬೇಕಾದ ದ್ರಾಕ್ಷಾರಸ ಮಾಡುವ ಕೆಲಸ ಸೊಸೆಯದು. ಹುಳಿ ಬಂದು ಅಮಲೇರಿದ್ದು ನಿಷಿದ್ಧವಾದ್ದರಿಂದ ಶನಿವಾರ ಕಪ್ಪು ದ್ರಾಕ್ಷಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ, ಚಮಚದಲ್ಲಿ ರುಚಿ ನೋಡುತ್ತಿದ್ದೆ. ಭಾನುವಾರ ಅದೇ ರಸದ ಪುಟ್ಟ ಲೋಟಗಳಿಟ್ಟ ತಟ್ಟೆಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಪಕ್ಕದವರಿಗೆ ದಾಟಿಸುವುದಷ್ಟೇ ನನ್ನ ಪಾಲು.

ಪಕ್ಕದ ಮನೆಯ ಗೌರಮ್ಮನಿಗೆ ಇದು ಅರ್ಥವೇ ಆಗಲಿಲ್ಲ. “ಅಲ್ರೀ, ಭೋಜನ ಅಂತೀರಿ, ಮಾಡಿದೋರಿಗೇ ಬಡ್ಸಲ್ಲ ಅಂತೀರಿ. ನಿಮ್ಮತ್ತೆ ಏನಾರ ಸಿಟ್ಟಾಗವ್ರಾ?”

ಸಿಟ್ಟೇನೂ ಇರಲಿಲ್ಲ. ಮಿಕ್ಕ ಬ್ರೆಡ್ಡನ್ನು ಮನೆಗೆ ತಂದು ಅತ್ತೆ ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದರು, ನನಗೂ ಕೊಡುತ್ತಿದ್ದರು. ಮೊದಲ ಸಲ ನಾನು ಬೆಚ್ಚಿಬಿದ್ದಿದ್ದೆ. ಓದಿದ್ದು ಕಾನ್ವೆಂಟಿನಲ್ಲಿ, ಆ ರೊಟ್ಟಿ ಸಾಕ್ಷಾತ್ ದೇವರ ಶರೀರವೇ ಆಗುತ್ತದೆ, ಹಲ್ಲು ತಾಗಿಸಬಾರದು ಎಂದು ಸಿಸ್ಟರುಗಳು ಹೇಳಿದ್ದನ್ನು ಕೇಳಿ ಬೆಳೆದವಳು. ಅತ್ತೆ ನಿಶ್ಚಿಂತೆಯಿಂದ ಅಗಿಯುತ್ತ, “ನೆನಪಿಗೆ ತಿನ್ನೋದು ಕಣಮ್ಮ. ಅಲ್ಲಿ ಕುಂತು ನೆನೆಸ್ಕಂಡಾಯ್ತು. ಉಳಿದಿದ್ದು ಬೇಕರಿ ಬ್ರೆಡ್ಡೇ,” ಎಂದರು. ಕಾಫಿಗೆ ಅದ್ದುವ ಬ್ರೆಡ್ಡು ಎಷ್ಟು ಬೇಕಾದರೂ ಸಿಗುತ್ತಿತ್ತು. ನನಗೆ ಬೇಕಾಗಿದ್ದುದು ಅಲ್ಲಿ ಎಲ್ಲರ ಸಾಲಿನಲ್ಲಿ ಕೂತು ತಿನ್ನುವ ಆ ಉಗುರಗಲದ ಚೂರು. ತಟ್ಟೆ ದಾಟಿಸಿ ದಾಟಿಸಿ, ನಾನು ಈ ಮನೆಯವಳೋ ಬಡಿಸಲು ಬಂದವಳೋ ಎನ್ನಿಸತೊಡಗಿತ್ತು.

ಕೊನೆಗೆ ಪಾಸ್ಟರ್ ಅಯ್ಯನವರ ಬಳಿ ಹೋದೆ. “ಅತ್ತೆ ಹೇಳಿದ್ರು ಅಂತ ಮುಳುಗಬೇಡಮ್ಮ. ನಿನಗೆ ಅನ್ನಿಸಿದ್ರೆ ಮಾತ್ರ,” ಎಂದರು ಅವರು. ನನಗೇ ಅನ್ನಿಸಿತ್ತು, ಹೆದರಿಕೆ ಇದ್ದದ್ದು ದೇವರ ವಿಷಯದಲ್ಲಲ್ಲ, ನೀರಿನ ವಿಷಯದಲ್ಲಿ.

ನೀರು ಹುಡುಕಿಕೊಂಡು ಸಭೆಗೆ ಸಭೆಯೇ ಬಸ್ಸು ಹತ್ತಿ ಹಿರಿಯೂರಿನ ಕಡೆಯ ಕಾಲುವೆಗೆ ಹೋಯಿತು. ಸೊಂಟದಷ್ಟು ನೀರು. ಅಯ್ಯನವರು ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಬಾಗಿಸಿದರು. ಬಿಳಿ ಸೀರೆ ಬಲೂನಿನಂತೆ ಉಬ್ಬಿತು. ನಾನು ಕಣ್ಣು ಮುಚ್ಚಿ, ಮೂಗು ಹಿಡಿದು, ಆಮೆಯಂತೆ ಕತ್ತನ್ನು ಮಾತ್ರ ಮೇಲಕ್ಕೆ ಚಾಚಿದ್ದೆನಂತೆ.

ದಡದಿಂದ ಅತ್ತೆಯ ದನಿ ಬಂತು. “ಅಯ್ಯನೋರೇ, ತಲೆ ಮುಳುಗ್ಲಿಲ್ಲ.”

ನಾನು ಗಡಗಡ ನಡುಗುತ್ತ ಹೇಳಿದೆ: “ತಲೆಗೆ ಚಿಕ್ಕಂದಿನಲ್ಲೇ ಆಗಿದೆಯಲ್ಲ ಅತ್ತೆ. ಇವತ್ತು ಮೈಗಾಯ್ತು. ಎರಡೂ ಸೇರಿಸಿ ಒಂದು ಅಂತ ಹಿಡ್ಕೊಳ್ಳಿ.”

ಅಯ್ಯನವರು ನಕ್ಕ ರಭಸಕ್ಕೆ ಕಾಲು ಜಾರಿ, ಇಬ್ಬರೂ ಒಟ್ಟಿಗೇ ಹೋಗುವುದಿತ್ತು. ಅತ್ತೆ ಮಾತ್ರ ನಗಲಿಲ್ಲ. “ಕಂತಿನ ಮೇಲೆ ಸ್ನಾನ ಎಲ್ಲೈತೆ? ಇನ್ನೊಂದ್ಸಲ ಮುಳುಗ್ಸ್ರಿ.”

ಎರಡನೆಯ ಸಲ ಪೂರ್ತಿ ಮುಳುಗಿದೆ. ಕಿವಿಯೊಳಗೆ ನೀರು ತುಂಬಿ, ಲೋಕವೆಲ್ಲ ಒಂದು ಗಳಿಗೆ ಸುಮ್ಮನಾಯಿತು. ಎದ್ದಾಗ, ಸೀರೆ ನೆನೆಯುವುದನ್ನೂ ನೋಡದೆ ಅತ್ತೆ ನೀರಿಗಿಳಿದು ಬಂದು, ಕೂಸಿಗೆ ಒರೆಸುವಂತೆ ನನ್ನ ತಲೆ ಒರೆಸಿದರು.

ದಡದ ಹೊಂಗೆ ಮರದ ನೆರಳಿನಲ್ಲಿ ಕರ್ತನ ಭೋಜನ. ಅಂದಿನ ರಸ ಅತ್ತೆಯೇ ಮಾಡಿದ್ದರು. “ಇವತ್ತು ನೀನು ಉಣ್ಣೋಳು, ಮಾಡೋಳಲ್ಲ” ಎಂದು ಹಿಂದಿನ ದಿನ ನನ್ನನ್ನು ಒಲೆಯ ಹತ್ತಿರ ಸೇರಿಸಿರಲಿಲ್ಲ. ತಟ್ಟೆ ಬಂತು. ದಾಟಿಸಲು ಅಭ್ಯಾಸಬಲದಿಂದ ಕೈ ಮುಂದಾಯಿತು. ಅತ್ತೆ ಮೊಣಕೈಯಿಂದ ತಿವಿದರು. ಚೂರು ಬಾಯಿಗಿಟ್ಟುಕೊಂಡೆ, ಪುಟ್ಟ ಲೋಟ ಎತ್ತಿದೆ. ಅಷ್ಟು ದಿನ ಕಾದಿದ್ದ ಆ ಪವಿತ್ರ ಗಳಿಗೆಯಲ್ಲಿ ನನಗೆ ನೆನಪಾದದ್ದು ಮನೆಯ ರೇಷನ್ ಸಕ್ಕರೆಯ ಡಬ್ಬಿ. ರಸ ಹಲ್ಲು ಚುಳ್ಳೆನ್ನುವಷ್ಟು ಹುಳಿ.

“ಹೆಂಗಿತ್ತೇ?” ಎಂದು ಅತ್ತೆ ಆಸೆಯಿಂದ ಕಿವಿಯಲ್ಲಿ ಕೇಳಿದರು.

ನನ್ನ ಜಡೆಯಿಂದ ಕಾಲುವೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. “ಸಕ್ಕರೆ ಹದವಾಗಿತ್ತು ಅತ್ತೆ,” ಎಂದು ಸುಳ್ಳು ಹೇಳಿದೆ. ಪುಣ್ಯಕ್ಕೆ, ನಮ್ಮವರಲ್ಲಿ ಒಮ್ಮೆ ಸರಿಯಾಗಿ ಮುಳುಗಿದವರನ್ನು ಮತ್ತೆ ಮುಳುಗಿಸುವ ಪದ್ಧತಿಯಿಲ್ಲ.