ಈ ಬಸ್ ಯಾರ್ದ್?

ಹೆಣ್ಣು ನೋಡಲು ಹೋದವರು ಕೂಡ ನಮ್ಮ ಸೋದರಮಾವ ಬಸ್ಸಿನ ಕುಲಗೋತ್ರ ವಿಚಾರಿಸುವಷ್ಟು ವಿಚಾರಿಸುವುದಿಲ್ಲ. ಹೆಮ್ಮಾಡಿಯಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ, "ಕುಂದಾಪ್ರ, ಕುಂದಾಪ್ರ" ಎಂದು ಕರೆಯುತ್ತವೆ. ಮಾವ ಆಕಾಶ ನೋಡುತ್ತಾರೆ. ಅವರಿಗೆ ಸರ್ಕಾರಿ ಬಸ್ಸೇ ಆಗಬೇಕು. ಒಮ್ಮೆ ಅವರನ್ನು ನಂಬಿ ಬ್ರಹ್ಮಾವರದ ಮದುವೆಗೆ ಹೊರಟ ನಾನು, ಬಾಳೆಲೆ ಎತ್ತುವ ಹೊತ್ತಿಗೆ ತಲುಪಿದೆ. "ಬಂದದ್ದ್ ನಮ್ ಬಸ್ಸಲ್ಲೇ ಅಲ್ದಾ?" ಎಂದರು ಮಾವ, ಬಹಳ ತೃಪ್ತಿಯಿಂದ.

ಹೀಗಿರುವಾಗ ಸರ್ಕಾರಿ ಬಸ್ಸುಗಳನ್ನೂ ಖಾಸಗಿಯವರಿಗೆ ಕೊಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಚಾ ಅಂಗಡಿಯಲ್ಲಿ ಒಬ್ಬ "ಬಸ್ ಮಾತ್ರ ಅವರ್ದ್" ಎಂದ. ಇನ್ನೊಬ್ಬ "ಅಲ್ಲ, ಡ್ರೈವರ್ ಮಾತ್ರ" ಎಂದ. ಮಾವ ಚಾ ಕುಡಿಯುವುದನ್ನೇ ಮರೆತು ಎದ್ದು ಬಂದರು.

ಕೊನೆಗೊಂದು ಬೆಳಿಗ್ಗೆ ಸುದ್ದಿಯಲ್ಲಿದ್ದ ಆ ಹೊಸ ಬಗೆಯ ಬಸ್ಸೇ ಬಂತು. ನಾನೂ ಜೊತೆಗಿದ್ದೆ. ಮಾವ ಡ್ರೈವರನ ಕಿಟಕಿಗೆ ಹೋದರು.

"ಹ್ವಾಯ್, ನೀವ್ ಸರ್ಕಾರದವ್ರಾ?"

"ಅಲ್ಲ ಮಾರ್ರೆ, ನಾನ್ ಕಂಪ್ನಿಯವ."

"ನಾನ್ ಸರ್ಕಾರದವ," ಎಂದ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು.

"ಹಂಗಾರೆ ಬಸ್ ಯಾರ್ದ್?"

ಡ್ರೈವರು ಕಂಡಕ್ಟರನನ್ನು ನೋಡಿದ, ಕಂಡಕ್ಟರು ಡ್ರೈವರನನ್ನು ನೋಡಿದ. "ನಮಗೂ ಸಮಾ ಗೊತ್ತಿಲ್ಲೆ. ನೀವ್ ಮೊದ್ಲ್ ಹತ್ತಿ, ಮತ್ತ್ ಕಾಂಬ," ಎಂದ ಕಂಡಕ್ಟರು. ಹಿಂದಿನ ಜನ ತಳ್ಳಿದ್ದರಿಂದ ಮಾವ ಹತ್ತಿದರು. ತಾವಾಗಿ ಹತ್ತಿದ್ದಲ್ಲ ಎಂದು ನನಗೆ ಎರಡು ಸಲ ಹೇಳಿದರು.

ತಲ್ಲೂರಿನಲ್ಲಿ ಮೀನಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಕೈ ಅಡ್ಡ ಮಾಡಿದಳು. ಮಾವ ಎದ್ದು ನಿಂತರು. ಯಾಕೆಂದು ನನಗೆ ಗೊತ್ತಿತ್ತು. ಮಾವನ ಹೆಂಡತಿ, ತೀರಿಹೋದ ನನ್ನ ಅತ್ತೆಯೂ ಮೀನು ಮಾರುತ್ತಿದ್ದವಳು. ನಾತ ಬರುತ್ತದೆಂದು ಖಾಸಗಿ ಬಸ್ಸೊಂದು ಅವಳನ್ನು ಅರ್ಧ ದಾರಿಯಲ್ಲಿ ಇಳಿಸಿತ್ತು. ಹಿಂದೆ ಬಂದ ಸರ್ಕಾರಿ ಬಸ್ಸು ಹತ್ತಿಸಿಕೊಂಡಿತ್ತು.

ಬಸ್ಸು ನಿಂತಿತು. "ಬುಟ್ಟಿ ಹಿಂದ್ ಇಡಿ ಅಮ್ಮ, ನಿಧಾನ," ಎಂದ ಕಂಪನಿಯ ಡ್ರೈವರು.

ಮಾವನಿಗೆ ಈಗ ಏನೇನೂ ಅರ್ಥವಾಗಲಿಲ್ಲ. ಕುಂದಾಪುರದಲ್ಲಿ ಇಳಿಯುವಾಗ ಡ್ರೈವರನ ಹತ್ತಿರ ಹೋಗಿ, "ನಾಳೆಯೂ ನೀವೇ ಬತ್ರಿಯಾ?" ಎಂದರು.

"ಗೊತ್ತಿಲ್ಲೆ ಮಾರ್ರೆ. ಕಂಪ್ನಿ ಕೆಲ್ಸಕ್ಕ್ ಇಟ್ಕಂಡ್ರೆ ಬತ್ತೆ."

ಮಾವ ಅವನ ಹೆಗಲ ಮೇಲೆ ಕೈಯಿಟ್ಟರು. "ಇಟ್ಕಣ್ಲಿ," ಎಂದರು.