ದಯಮಾಡಿ ನೆಟ್ ಕೊಡಬೇಡಿ

ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಮಾರಿದ ಕಂಪ್ಯೂಟರನ್ನು ನಾನೇ ಹೋಗಿ ಕೂರಿಸಿ ಕೊಡುದು ಪದ್ಧತಿ. ಅಂಗಡಿಯಲ್ಲಿ ಕೂತರೆ ಏನೂ ಆಗುದಿಲ್ಲ. ಹೊರಗೆ ಹೋದರೆ ಏನಾದರೊಂದು ಆಗಿಯೇ ಆಗ್ತದೆ.

ಈಗಿನ ಹೊಸ ಕಂಪ್ಯೂಟರಿಗೆ ಒಂದು ಚಾಳಿ ಉಂಟು. ಸ್ವಿಚ್ ಹಾಕಿದ ಕೂಡಲೇ ಇಮೇಲ್ ಕೊಡು, ಆನ್‌ಲೈನ್ ಅಕೌಂಟ್ ಮಾಡು ಅಂತ ಹಠ ಹಿಡಿಯುದು. ನಮ್ಮವರಿಗೆ ಅದು ಆಗುದಿಲ್ಲ. "ತಂದದ್ದು ನಾನು, ನನ್ನ ಹತ್ರವೇ ನೀನು ಯಾರು ಅಂತ ಕೇಳುದಾ? ಗ್ರೈಂಡರ್ ಕೇಳ್ಲಿಲ್ಲ!" ಅಂತಾರೆ. ಅದಕ್ಕೊಂದು ಒಳದಾರಿ ಉಂಟು. ನೆಟ್ ಇಲ್ಲವೇ ಇಲ್ಲ ಅಂತ ಅದಕ್ಕೆ ಖಾತ್ರಿ ಮಾಡಿ, ಒಂದೆರಡು ಕಡೆ ಒತ್ತಿದರೆ ಅದು ಸೋತು, ಬರೇ ಹೆಸರು ಕೇಳಿ ಸುಮ್ಮನಾಗ್ತದೆ. ಅಕೌಂಟ್ ಇಲ್ಲದೆ ಮಾಡಿ ಕೊಡ್ತೇನೆ ಅಂತ ಮಾತು ಕೊಟ್ಟೇ ನಾನು ವ್ಯಾಪಾರ ಮಾಡುದು. ಆ ಮಾತು ತಪ್ಪಿದರೆ ಸುಳ್ಯ, ಕಡಬದವರೆಗೆ ನನ್ನ ಹೆಸರು ಹಾಳು.

ಕಷ್ಟ ಒಂದೇ. ಬಂದವನಿಗೆ ಏನನ್ನೂ ಇಲ್ಲ ಅಂತ ಹೇಳಿ ನಮ್ಮ ಜನಕ್ಕೆ ಅಭ್ಯಾಸ ಇಲ್ಲ. ನೆಟ್ಟನ್ನು ಕೂಡ.

ಸಂಪಾಜೆಯ ದೋಟಿ

ಸಂಪಾಜೆ ಹತ್ರ ಒಂದು ಮನೆ. ಫೋನ್ ಮಾಡ್ಬೇಕಾದರೆ ಗೇಟು ದಾಟಿ ಮಾರ್ಗಕ್ಕೆ ಬರಬೇಕು. ನನಗೆ ಖುಷಿಯೋ ಖುಷಿ.

ಮನೆಯ ಅಕ್ಕನಿಗೆ ಮಾತ್ರ ಸಂಕಟ. "ಪುತ್ತೂರಿಂದ ಬಂದಿದ್ದೀರಿ, ನೆಟ್ ಇಲ್ಲ ಅಂತ ಹೇಗೆ ಹೇಳುದು?"

"ಬೇಡ ಅಕ್ಕ. ಇಲ್ಲದಿದ್ದರೇ ಒಳ್ಳೆದು."

"ನಾಚಿಕೆ ಮಾಡ್ಬೇಡಿ."

ಸಾಕು ಅಂತ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲೇ ಪಾಯಸ ಬಡಿಸುವ ಮನೆ ಅದು. ಹಲಸಿನಕಾಯಿ ಕೊಯ್ಯುವ ಉದ್ದದ ದೋಟಿ ಬಂತು. ಅದರ ತುದಿಗೆ ಫೋನ್ ಕಟ್ಟಿದರು. ಯಜಮಾನರು ಅಂಗಳದ ನಡುವೆ ಅದನ್ನು ಎತ್ತಿ ಹಿಡಿದು ನಿಂತರು. ನಾನು ಒಳಗೆ ನೆಟ್ಟಿನ ಗೊಡವೆಗೇ ಹೋಗದೆ ಕೆಲಸ ಮುಗಿಸುವಾಗ ಅರ್ಧ ಗಂಟೆ. ಯಜಮಾನರು ಬಿಸಿಲಿಗೆ ಕೆಂಪಾಗಿದ್ದರು.

"ಆಯ್ತು ಅಣ್ಣ, ಇಳಿಸಿ."

"ನಾನು ಹಿಡಿಯದಿದ್ದರೆ ಆಗ್ತಿತ್ತಾ?"

ಆ ಮುಖ ನೋಡಿ ಸತ್ಯ ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ. "ಎಲ್ಲಿ ಆಗ್ತದೆ ಅಣ್ಣ!" ಅಂದೆ.

ಮರುವಾರ ಅದೇ ಊರಿನಿಂದ ಇನ್ನೊಬ್ಬರ ಫೋನ್. "ನಮಗೂ ಒಂದು ಕಂಪ್ಯೂಟರ್ ಬೇಕಿತ್ತು. ದೋಟಿ ನಮ್ಮಲ್ಲೇ ಉಂಟು, ನೀವು ತರುದು ಬೇಡ."

ಬೆಳ್ಳಾರೆಯ ಗುಟ್ಟು

ಬೆಳ್ಳಾರೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಕಾಕನಿಗೆ ಅಕೌಂಟ್ ಬೇಡ, ಪಾಸ್‌ವರ್ಡ್ ಬೇಕು. ಹಾಗೆ ಮಾಡಿದರೆ ಕಂಪ್ಯೂಟರ್ ಮೂರು ಪ್ರಶ್ನೆ ಕೇಳ್ತದೆ. ಮುಂದೆ ಪಾಸ್‌ವರ್ಡ್ ಮರೆತರೆ ಅದರ ಉತ್ತರ ಹೇಳಿ ಒಳಗೆ ಹೋಗ್ಬಹುದು.

"ಕಾಕ, ಬೇರೆ ಯಾರಿಗೂ ಗೊತ್ತಿಲ್ಲದ ಉತ್ತರ ಕೊಡ್ಬೇಕು. ಸಣ್ಣದಿರುವಾಗ ನಿಮ್ಮನ್ನು ಎಂತ ಅಡ್ಡಹೆಸರಿನಲ್ಲಿ ಕರೀತಿದ್ದರು?"

ಕಾಕ ಎದ್ದರು. ಮೊಳೆ ತೂಗುತ್ತಿದ್ದ ಕೆಲಸದವರನ್ನು ಗೋದಾಮಿಗೆ ಕಳಿಸಿದರು. ಗಿರಾಕಿಗಳನ್ನು ಹೊರಗೆ ನಿಲ್ಲಿಸಿ ಶಟರ್ ಅರ್ಧ ಎಳೆದರು. ಮತ್ತೆ ನನ್ನ ಕಿವಿಯ ಹತ್ರ ಬಗ್ಗಿ ಪಿಸುಗುಟ್ಟಿದರು. ನನ್ನ ಕಿವಿ ಸ್ವಲ್ಪ ಮಂದ. "ಇನ್ನೊಮ್ಮೆ ಕಾಕ" ಅಂದೆ. ಸ್ವಲ್ಪ ಜೋರಾಗಿ ಹೇಳಿದರು.

ಶಟರಿನ ಅಡಿಯಿಂದ ಒಬ್ಬ ಮೇಸ್ತ್ರಿಯ ಸ್ವರ ಬಂತು. "ಕಾಕ, ಅದು ಅರ್ಧ ಮಾತ್ರ. ಅದರ ಮುಂದಿಂದು ಯಾಕೆ ಬಿಟ್ರಿ?"

ಕಡಬದ ಸೋದರಮಾವ

ಕಡಬದ ಒಬ್ಬರು ಅಕ್ಕನದ್ದು ಮದುವೆ ಕಾಗದ, ಅಂದರೆ ಆಮಂತ್ರಣ, ಟೈಪ್ ಮಾಡಿ ಕೊಡುವ ಅಂಗಡಿ. ಅವರ ಹಳೇ ಕಂಪ್ಯೂಟರಿನ ಅಕೌಂಟ್ ತಂಗಿಯ ಮಗನ ಹೆಸರಿನಲ್ಲಿತ್ತು. ಅವನು ಗಲ್ಫಿಗೆ ಹೋದ ಮೇಲೆ ಕಂಪ್ಯೂಟರ್ ಒಂದು ದಿನ ಕೋಡ್ ಕೇಳಿತು. ಕೋಡ್ ಹೋದದ್ದು ಅವನ ಬಂದ್ ಆದ ಹಳೇ ನಂಬರಿಗೆ. ಮೂರು ಮದುವೆಯ ಕಾಗದ ಒಳಗೇ ಉಳಿದು, ಆ ಮೂರು ಮನೆಯವರು ಊರೆಲ್ಲ ಹೇಳಿ, ಅಕ್ಕನ ಅಂಗಡಿಗೆ ಜನ ಬರುದೇ ನಿಂತಿತ್ತು.

"ಇನ್ನು ಯಾವ ಗಂಡಸಿನ ಅಕೌಂಟೂ ನನ್ನ ಕಂಪ್ಯೂಟರಿಗೆ ಬೇಡ ಅಣ್ಣ. ಈ ಒಂದು ಕಾಗದ ಇವತ್ತು ಸಂಜೆಯೊಳಗೆ ಪ್ರೆಸ್ಸಿಗೆ ಹೋಗದಿದ್ದರೆ ನಾನು ಬಾಗಿಲು ಹಾಕುದೇ."

ಕಾಗದದ ಪ್ರೂಫ್ ನೋಡ್ಲಿಕ್ಕೆ ಇಬ್ಬರು ಬಂದು ಕೂತಿದ್ದರು. ಒಬ್ಬರು ಮದುಮಗನ ಸೋದರಮಾವ, ಸಂಬಂಧ ಕುದುರಿಸಿದ್ದೇ ಅವರು. ಇನ್ನೊಬ್ಬರು ಇಚಿಲಂಪಾಡಿಯಿಂದ ಬಂದ ಮದುಮಗಳ ಅಪ್ಪ. ಮೀಸೆಯೇ ಸಾಕು, ಮಾತು ಬೇಡ, ಅಂಥವರು.

ನಾನು ಹೊಸ ಕಂಪ್ಯೂಟರ್ ಕೂರಿಸಿ, ನೆಟ್ಟಿನ ವಯರ್ ಕಿತ್ತು, ಬೈಕಿನಲ್ಲಿದ್ದ ಸ್ಕ್ರೂಡ್ರೈವರ್ ತರ್ಲಿಕ್ಕೆ ಹೊರಗೆ ಹೋದೆ. ಬರುವಾಗ ಪರದೆಯಲ್ಲಿ ಸೋದರಮಾವನ ಹೆಸರು ಹೊಳೀತಾ ಇತ್ತು.

"ನೆಟ್ ಇರ್ಲಿಲ್ಲ ಮಾರಾಯ್ರೆ," ಅಂದರು ಅವರು, ಉಪಕಾರ ಮಾಡಿದವರ ನಗುವಿನಲ್ಲಿ. "ನನ್ನ ಫೋನಿಂದು ಕೊಟ್ಟೆ. ಇಮೇಲ್ ಕೇಳ್ತು, ಅದೂ ನನ್ನದೇ ಹಾಕಿದೆ. ಪಾಪ, ನಿಮಗೆ ಯಾಕೆ ತೊಂದರೆ?"

ಅಕ್ಕ ತಲೆಗೆ ಕೈಹೊತ್ತು ಕೂತರು. "ಮೊದಲು ಕಾಗದ ಮುಗಿಸುವ, ಮತ್ತೆ ಇವರನ್ನು ಅಳಿಸಿ ಕೊಡ್ತೇನೆ" ಅಂತ ನಾನು ಸಮಾಧಾನ ಹೇಳಿದೆ.

ಅಷ್ಟರಲ್ಲಿ ಸೋದರಮಾವನ ಫೋನಿನ ಫೋಟೋಗಳು ಅವರ ಅಕೌಂಟಿನ ಬೆನ್ನು ಹಿಡಿದು ಬಂದು ಪರದೆಯಲ್ಲಿ ಸಾಲಾಗಿ ಕೂತವು. ಎಲ್ಲ ಹುಡುಗಿಯರು. ಅಳಿಯನಿಗೆ ನೋಡಿದ ಸಂಬಂಧಗಳು. ನೆನಪಿಗೆ ಬೇಕಲ್ಲ ಅಂತ ಪ್ರತಿಯೊಂದರ ಅಡಿಯಲ್ಲೂ ಎರಡು ಮಾತು ಬರೆದಿಟ್ಟಿದ್ದರು. "ಜಾತಕ ಕೂಡುದಿಲ್ಲ." "ಎತ್ತರ ಸಾಲದು." "ನಗುದು ಜಾಸ್ತಿ." ಕೊನೆಯ, ಏಳನೆಯದು ನಮ್ಮ ಮದುಮಗಳೇ. ಅಡಿಯಲ್ಲಿ: "ಹುಡುಗಿ ಪಾಪ. ಅಪ್ಪ ಜೋರು."

ಕಾಗದ ಮಾತ್ರ ಅಲ್ಲ, ಮದುವೆಯೇ ಹೋಯ್ತು ಅಂತ ಅಕ್ಕ ಕಣ್ಣು ಮುಚ್ಚಿದರು.

"ನಾಲ್ಕನೆಯದಕ್ಕೆ ಹೋಗಿ," ಅಂದರು ಮದುಮಗಳ ಅಪ್ಪ.

"ಅದೆಲ್ಲ ಹಳೇದು ಭಾವ," ಸೋದರಮಾವ ಬೆವರು ಒರೆಸಿಕೊಂಡರು.

"ಹೋಗಿ ಅಂದೆ."

ಹೋದೆ. ಅದರಡಿಯಲ್ಲಿ "ಮದುವೆ ಆದ ಮೇಲೂ ಕೆಲಸ ಬಿಡುದಿಲ್ಲವಂತೆ" ಅಂತ ಇತ್ತು.

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. "ನಮ್ಮ ಮಗನಿಗೆ ಮೂರು ವರ್ಷದಿಂದ ಇಂಥದ್ದನ್ನೇ ಹುಡುಕುದು ಮಾರಾಯ್ರೆ. ಇವಳ ಅಪ್ಪನ ನಂಬ್ರ ಉಂಟಾ? ಅವರು ಜೋರಾ, ಪಾಪವಾ?"

ಕಾಗದ ಸಂಜೆಯ ಮೊದಲೇ ಪ್ರೆಸ್ಸಿಗೆ ಹೋಯಿತು. ಇಬ್ಬರೂ ಆ ನಂಬರಿಗೆ ಫೋನ್ ಮಾಡ್ತಾ ಹೊರಗೆ ಹೋದರು. ನಾನು ಕೊಟ್ಟ ಮಾತಿನ ಪ್ರಕಾರ ಅಕೌಂಟ್ ಅಳಿಸ್ಲಿಕ್ಕೆ ಕೂತೆ.

ಅಕ್ಕ ಮೆಲ್ಲಗೆ ನನ್ನ ಕೈಯಿಂದ ಮೌಸ್ ತೆಗೆದುಕೊಂಡರು.

"ಸ್ವಲ್ಪ ದಿನ ಇರ್ಲಿ ಅಣ್ಣ. ಇನ್ನೂ ಐದು ಜನ ಹುಡುಗಿಯರು ಬಾಕಿ ಇದ್ದಾರೆ."