ಸಾದಲಿ ಶಿಶುವಿಹಾರದ ಅನುಮಾನದ ಮೂಟೆಗಳು

ಅನುಮಾನ ದೊಡ್ಡೋರ ಕಾಯಿಲೆ ಅಂತಿದ್ದೆ. ಸಾದಲಿಯಲ್ಲಿ ಶಿಶುವಿಹಾರದ ಟೀಚರ್ ಆದ ಮೇಲೆ ಗೊತ್ತಾಯಿತು, ಅದು ನಾಲ್ಕನೇ ವರ್ಷಕ್ಕೇ ಅಂಟುತ್ತೆ. ಇಂಥದ್ದೊಂದು ಪ್ರಸಂಗ ನಡೆಯದ ವಾರವೇ ಇರಲಿಲ್ಲ.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ಮಕ್ಕಳು ಹೇಗೆ ಬೆರೀತಾರೆ, ಯಾರು ಹಟ ಮಾಡ್ತಾರೆ, ಯಾರು ಕಚ್ತಾರೆ ಅಂತ ಗಮನಿಸಿ ತಿದ್ದೋದು ನನ್ನ ಕೆಲಸ. ಚಿಕ್ಕಬಳ್ಳಾಪುರದಿಂದ ಅಧಿಕಾರಿ ಅಮ್ಮನವರು ಬಂದು ನೋಡ್ತಾರೆ, ಮಕ್ಕಳು ಸರಿಯಿಲ್ಲದಿದ್ದರೆ ಶಿಶುವಿಹಾರ ಮುಚ್ಚಿಸ್ತಾರೆ ಅಂತ ಊರೋರು ಮೊದಲೇ ಹೆದರಿಸಿದ್ದರು. ಮುಚ್ಚಿದರೆ ನನ್ನ ಅನ್ನಕ್ಕೂ ಕಲ್ಲು.

ನೋಡೋ ಕೆಲಸ

ಮೊಮ್ಮಗಳನ್ನ ಕರಕೊಂಡು ಬಂದ ಅಜ್ಜಿಯೊಬ್ಬಳು ಬಾಗಿಲಲ್ಲೇ ಕೂತುಬಿಟ್ಟಳು. ಹೋಗಮ್ಮ ಅಂದರೂ ಏಳಲಿಲ್ಲ. ಪಾಠ ಹೇಳ್ಕೊಡ್ತೀಯಾ ಅಂತ ಕೇಳಿದಳು. ಇಲ್ಲ, ಆಡೋಕೆ ಬಿಟ್ಟು ನೋಡ್ತೀನಿ ಅಂದೆ. ಅದಕ್ಕೂ ಸಂಬಳ ಇದೆಯಾ ಅಂದಳು. ಇದೆ ಅಂದೆ. ನನ್ನನ್ನ ಮೇಲಿಂದ ಕೆಳಗಿನ ತನಕ ಅಳೆದಳು. ಮೈ ಉರೀತು ನಂಗೆ. ಏನು ಹಂಗೆ ನೋಡ್ತೀಯ ಅಂದೆ.

"ನಾನೂ ಬೆಳಗಿಂದ ನಿನ್ನ ನೋಡ್ತಾನೇ ಇವ್ನಿ. ನಂಗ್ಯಾರವ್ವ ಕೊಡ್ತಾರೆ ಸಂಬಳ?"

ಧಾರಾಳಿ

ಹಂಚಿ ತಿನ್ನೋ ಗುಣ ಯಾರಿಗಿದೆ ನೋಡೋಣ ಅಂತ ಒಂದು ದಿನ ಎಲ್ಲರಿಗೂ ಪೆಪ್ಪರಮೆಂಟು ಕೊಟ್ಟೆ. ಎಲ್ಲರೂ ಮುಷ್ಟಿ ಬಿಗಿ ಹಿಡಿದರು. ಒಬ್ಬಳು ಮಾತ್ರ ತನ್ನ ಪಾಲನ್ನ ಪಕ್ಕದವನ ಬಾಯಿಗೆ ಹಾಕಿ, ಗಲ್ಲಕ್ಕೆ ಕೈಕೊಟ್ಟು ಅವನನ್ನೇ ನೋಡ್ತಾ ಕೂತಳು. ನನ್ನ ಕಣ್ಣು ತುಂಬಿ ಬಂತು.

ಸಂಜೆ ಅವಳಮ್ಮನ ಹತ್ತಿರ ಮಗಳನ್ನ ಹೊಗಳಿದರೆ ಆಕೆ ತಲೆ ತಗ್ಗಿಸಿದಳು. ಹೊಸಬರು ತಿಂಡೀಲಿ ಮದ್ದಿಕ್ತಾರೆ ಅನ್ನೋ ಭಯ ನಮ್ಮ ಕಡೆ ಇದ್ದದ್ದೇ. ಟೀಚರಮ್ಮ ಏನು ಕೊಟ್ಟರೂ ಮೊದಲು ಬೇರೆಯವರಿಗೆ ತಿನ್ನಿಸಿ ನೋಡು ಅಂತ ಆಕೆಯೇ ಮಗಳಿಗೆ ಹೇಳಿ ಕಳಿಸಿದ್ದಳಂತೆ.

ಪಕ್ಕದವನು ಮಾರನೇ ದಿನವೂ ಗುಂಡುಕಲ್ಲಿನ ಹಾಗೆ ಬಂದ. ಹುಡುಗಿ ಅವನನ್ನ ಒಂದು ಸಲ ಸುತ್ತು ಹಾಕಿ ನೋಡಿ, ನೆಟ್ಟಗೆ ನನ್ನ ಹತ್ತಿರ ಬಂದು ಪೆಪ್ಪರಮೆಂಟಿಗೆ ಕೈ ಒಡ್ಡಿದಳು.

ಬಾಗಿಲು ಕಾಯೋನು

ರೇಷ್ಮೆ ಹುಳು ಸಾಕೋ ಮನೆಯ ಹುಡುಗನೊಬ್ಬ ಇದ್ದ. ಯಾರೇ ಬಂದರೂ ಬಾಗಿಲಿಗೆ ಅಡ್ಡ ನಿಂತು, ಬಾಯಿ ಮೂಸಿ ನೋಡಿಯೇ ಒಳಗೆ ಬಿಡೋನು. ಗದರಿದೆ, ಮುದ್ದು ಮಾಡಿದೆ, ಜಪ್ಪಯ್ಯ ಅನ್ನಲಿಲ್ಲ. ಮನೆಗೇ ಹೋಗಿ ವಿಚಾರಿಸಿದೆ. ಹೊಗೆಸೊಪ್ಪಿನ ವಾಸನೆ ಬಡಿದರೆ ಹುಳು ಸಾಯ್ತಾವೆ. ಸೇದೋರು ಸೇದಿದ್ದೀವಿ ಅಂತ ಒಪ್ಪಲ್ಲ. ಅದಕ್ಕೇ ಬಂದೋರ ಬಾಯಿ ಮೂಸೋ ಕೆಲಸ ಇವನಿಗೆ ಒಪ್ಪಿಸಿದ್ದರು.

ಆ ಅಭ್ಯಾಸ ಬಿಡಿಸೋದರೊಳಗೆ ಅಧಿಕಾರಿ ಅಮ್ಮನವರು ಬಂದೇಬಿಟ್ಟರು, ಜೊತೆಗೆ ಅವರ ಯಜಮಾನರು. ಹುಡುಗ ಎರಡೂ ಕೈ ಚಾಚಿ ಅಡ್ಡ ನಿಂತ. ಅಮ್ಮನವರು ನಗ್ತಾ ಬಗ್ಗಿದರು. ಹುಡುಗ ಮೂಸಿ, ಒಳಕ್ಕೆ ಹೋಗಮ್ಮ ಅಂದ. ಯಜಮಾನರು ಪಕ್ಕದಿಂದ ನುಸುಳೋಕೆ ಹೋದರು. ಪಂಚೆ ಹಿಡಿದು ಎಳೆದ. ಬೇರೆ ದಾರಿಯಿಲ್ಲದೆ ಅವರೂ ಬಗ್ಗಿದರು.

"ಈವಪ್ಪ ಬೀಡಿ ಸೇದವ್ನೆ. ಒಳಕ್ಕೆ ಬಿಡಬ್ಯಾಡಿ."

ಅಮ್ಮನವರ ನಗು ಇಂಗಿತು. ಮನೆದೇವರ ಮುಂದೆ ಆಣೆ ಮಾಡಿ ಬೀಡಿ ಬಿಟ್ಟಿದ್ದರಂತೆ ಆ ಮಹಾರಾಯರು. ಬಸ್ಸಲ್ಲಿ ಪಕ್ಕದವನು ಸೇದ್ತಿದ್ದ ಕಣೇ ಅಂದರು. ಬೆರಳು ತೋರ್ಸು, ಮೂಸ್ತೀನಿ ಅಂದ ಹುಡುಗ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ಯಜಮಾನರು ಕೈಯನ್ನ ಬೆನ್ನ ಹಿಂದೆ ಇಟ್ಟುಕೊಂಡರು. ಆಮೇಲೆ ಹೊರಗೆ ಹೊಂಗೆಮರದ ಕೆಳಗೇ ನಿಂತರು.

ಅಮ್ಮನವರು ಮಕ್ಕಳ ಆಟ ನೋಡಿದರು. ಹೊರಡುವಾಗ ಕೇಳಿದೆ, ಮುಚ್ಚಿಸ್ತೀರಾ ಅಂತ. ಅವರು ಮರದ ಕಡೆ ಒಂದು ಸಲ ದುರುಗುಟ್ಟಿ ನೋಡಿ, ನನ್ನ ಕಿವಿ ಹತ್ತಿರ ಬಂದರು.

"ಮುಚ್ಚೋ ಮಾತೇ ಇಲ್ಲಮ್ಮ. ಆ ಹುಡುಗನ್ನ ಮಾತ್ರ ಒಂದು ವಾರ ನಮ್ಮನೆಗೆ ಕಳಿಸ್ಕೊಡ್ತೀಯಾ?"